ಗಿಬ್ಲಿಯ ಹೊಟ್ಟೆಗೆ ತೇಪೆ

ಲಿಬಿಯಾ, 1940

ಎರ್ಸೀಲಿಯಾ ಅಕ್ಕಾ,

ನಮ್ಮ ಗಿಬ್ಲಿ ವಿಮಾನದ ಹೆಸರು ಮರುಭೂಮಿಯ ಬಿಸಿಗಾಳಿಯದು, ಮೈ ಮಾತ್ರ ನಿನ್ನ ಹೊಲಿಗೆಯಂಗಡಿಯದು: ಉಕ್ಕಿನ ಕೊಳವೆಗಳ ಮೇಲೆ ಬಟ್ಟೆ. ಮೊನ್ನೆ ಬಾಂಬು ಹಾಕಿ ಬರುವಾಗ ಗುಂಡು ತಗುಲಿ ಅದರ ಹೊಟ್ಟೆಯ ಬಟ್ಟೆ ಹರಿಯಿತು. ನಾನೇ ಹೊಲಿದೆ.

"ಏನಯ್ಯಾ, ಕೋಳಿ ಕೈಲಿ ಹೊಲಿಸಿದ್ಯಾ?" ಅಂದರು ಕ್ಯಾಪ್ಟನ್.

"ನಮ್ಮಕ್ಕ ಹೇಳಿಕೊಟ್ಟಿದ್ದು ಸಾರ್."

"ಹಾಗಾದ್ರೆ ನೀನೂ ವಿಮಾನ ಹತ್ತು. ನಿಮ್ಮಕ್ಕನ ಮರ್ಯಾದೆ ಗಾಳೀಲಿ ನೋಡೋಣ!"

ಇಲ್ಲಿ ತೇಪೆ ಹಾಕಿದವನೇ ಮೊದಲ ಹಾರಾಟಕ್ಕೆ ಹತ್ತಬೇಕು. ದಾರಿಯುದ್ದಕ್ಕೂ ತೇಪೆಯನ್ನೇ ನೋಡುತ್ತ ಕುಳಿತಿದ್ದೆ. ನನ್ನ ಹೊಲಿಗೆ ಕಂಡಾಗಲೆಲ್ಲ ಬಿಚ್ಚಿಸುತ್ತಿದ್ದೆಯಲ್ಲ, ಇದನ್ನು ಬಿಚ್ಚಲು ಗಾಳಿಯಿಂದಲೂ ಆಗಲಿಲ್ಲ!

ಆರೋಗ್ಯವಾಗಿದ್ದೇನೆ. ದಪ್ಪ ಸೂಜಿಗಳನ್ನು ಕಳಿಸು. ಇಷ್ಟಕ್ಕೇ ನಿಲ್ಲಿಸುತ್ತೇನೆ, ಕ್ಯಾಪ್ಟನ್ ತಮ್ಮ ಹರಿದ ಪ್ಯಾಂಟು ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಾರೆ.

ನಿನ್ನ ತಮ್ಮ,
ನೆವಿಯೊ