ನಾಲ್ಕು ಅಕ್ಷರ ಕೊಟ್ಟರೆ

ಮಾರ್ಚ್ ೧೧, ಸೋಮವಾರ
(ಮುಗಿಸುವಷ್ಟರಲ್ಲಿ ಗುರುವಾರ ಆಗಿದೆ)

ಪ್ರೀತಿಯ ಮಗಳೇ,

ಹೇಗಿದ್ದೀಯ? ಹಾಸ್ಟೆಲಿನ ಊಟ ಒಗ್ಗಿತೇ? ಎರಡು ತಿಂಗಳಿಂದ ಒಂದು ಸಾಲೂ ಬರೆಯಲಿಲ್ಲ, ಮೊದಲು ಅದನ್ನು ಹೊಟ್ಟೆಗೆ ಹಾಕಿಕೋ. ಅಕ್ಷರ ನೋಡಿ ಗಾಬರಿಯಾಗಬೇಡ, ಇದು ನನ್ನ ಎಡಗೈ ಬರಹ. ಒಂದನೇ ಕ್ಲಾಸಿಗೆ ಏನೂ ಮೋಸವಿಲ್ಲ ಎಂದು ನಿಮ್ಮಪ್ಪ ಪಾಸು ಮಾಡಿದ್ದಾರೆ.

ಕೆಂಪು ಇಂಕಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಗಂಡನನ್ನು ಬಿಟ್ಟು ಹಾಸ್ಟೆಲ್ ಸೇರಿದೆ ಎಂದು ನೀನು ಮೂರು ಪುಟ ಬರೆದಿದ್ದೆ. ನಾನು ಅದರಲ್ಲಿ ಹದಿನೇಳು ತಪ್ಪು ತಿದ್ದಿ, ಅದೇ ಕಾಗದವನ್ನು ನಿನಗೆ ವಾಪಸು ಕಳಿಸಿದೆ. ಬೇರೆ ಒಂದು ಮಾತು ಬರೆಯಲಿಲ್ಲ. ಹೆತ್ತವಳು ಮಾಡುವ ಕೆಲಸವೇ ಅದು? ಮೂವತ್ತೆಂಟು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿದವಳು ನಾನು. ಅರ್ಥದ ಹಿಂದೆ ಹೋದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಬರೀ ಅಕ್ಷರ ನೋಡು ಎಂದು ಅಲ್ಲಿ ಮೊದಲ ದಿನವೇ ಕಲಿಸಿದ್ದರು. ನಿನ್ನ ಮೊದಲ ಪುಟ ಓದಿದೆ. ಮುಂದೆ ಓದುವ ಧೈರ್ಯ ಬರಲಿಲ್ಲ, ಅಕ್ಷರ ನೋಡತೊಡಗಿದೆ. ಪೆನ್ನು ಯಾವಾಗ ಕೈಗೆ ಬಂತೋ ಗೊತ್ತಿಲ್ಲ. ತಪ್ಪಾಯಿತು ಮಗಳೇ. ಇದನ್ನು ನಿನ್ನೆದುರು ಬಾಯಿಬಿಟ್ಟು ಹೇಳಬೇಕೆಂದೇ ಇಷ್ಟು ದಿನ ಕಾದೆ.

ಆದರೆ ಬಾಯಿಯೇ ಕೈಕೊಟ್ಟಿತು. ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ನನಗೆ ಲಕ್ವ ಹೊಡೆಯಿತು. ದೊಡ್ಡದಲ್ಲ, ಹೆದರಬೇಡ. ಕಾಲು ಉಳಿಯಿತು, ಬಲಗೈ ಸೋತಿತು, ಮಾತು ನಿಂತಿತು. ಹೇಳಬೇಕಾದ ಮಾತು ತಲೆಯಲ್ಲಿ ಸ್ಪಷ್ಟವಾಗಿ ಇರುತ್ತದೆ, ನಾಲಿಗೆ ಮಾತ್ರ ಕೇಳುವುದಿಲ್ಲ. ನಿನಗೆ ತಿಳಿಸಬೇಕೆಂದು ಅಪ್ಪ ಹಟ ಹಿಡಿದರು. ನಾನು ಸ್ಲೇಟಿನ ಮೇಲೆ ‘ಬೇಡ’ ಎಂದು ಇಷ್ಟುದ್ದ ಬರೆದು ಅವರ ಮೂಗಿನ ಹತ್ತಿರ ಹಿಡಿದೆ. ಫೋನಿನಲ್ಲಿ ನಿನಗೆ “ಅಮ್ಮ ಚೆನ್ನಾಗಿದ್ದಾಳೆ” ಎಂದು ಸುಳ್ಳು ಹೇಳಿಸಿದವಳು ನಾನೇ. ಅವರ ಮೇಲೆ ಸಿಟ್ಟಾಗಬೇಡ. ಮಗಳ ಹತ್ತಿರ ನಾನೇ ಮಾತಾಡುತ್ತೇನೆ, ಅಲ್ಲಿಯವರೆಗೆ ಬಿಡುವವಳಲ್ಲ ಎಂದು ನಿಶ್ಚಯ ಮಾಡಿಕೊಂಡಿದ್ದೆ.

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಒಬ್ಬಳಿದ್ದಾಳೆ. ನಿನಗಿಂತ ಚಿಕ್ಕವಳು. ಲೋಟದ ಚಿತ್ರ ತೋರಿಸಿ “ಇದೇನಮ್ಮಾ?” ಎಂದು ಕೇಳುತ್ತಿದ್ದಳು. ಲೋಟ ಎಂದು ನನಗೆ ಗೊತ್ತಿಲ್ಲವೇ? ಬಾಯಿ ಮಾತ್ರ ಗ್ಗ ಗ್ಗ ಎನ್ನುತ್ತಿತ್ತು. ನಾಲ್ಕು ವಾರ ಲೋಟ, ಕುರ್ಚಿ, ಬಾಗಿಲು ಎಂದು ಕಳೆಯಿತು. ಮನೆಗೆ ಬಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ.

ಒಂದು ದಿನ ಹೊರಗಿನ ಬೆಂಚಿನ ಮೇಲೆ ಹಳೇ ಇಂಗ್ಲಿಷ್ ಪೇಪರ್ ಬಿದ್ದಿತ್ತು. ಅದರ ಮೂಲೆಯಲ್ಲಿ ಒಂದು ಆಟ. ನಾಲ್ಕು ಅಕ್ಷರ ಕೊಡುತ್ತಾರೆ, ಅವು ನಾಲ್ಕೂ ಇರುವ ಉದ್ದದ ಪದ ಹುಡುಕಬೇಕು. ಆ ದಿನದ್ದು ಡಿ, ಎಂ, ಆರ್, ಎಸ್. ಯಾರೋ ಪೆನ್ನಿನಲ್ಲಿ ಡ್ರಮ್ಸ್ ಎಂದು ಬರೆದಿದ್ದರು. ಡ್ರಮ್ಸ್ ಅಂತೆ! ಐದೇ ಅಕ್ಷರ! ನನಗೆ ಮೈಯೆಲ್ಲ ಉರಿಯಿತು. ಅಪ್ಪನ ಜೇಬಿನಿಂದ ಪೆನ್ನು ಎಳೆದು, ಎಡಗೈಯಲ್ಲೇ ಅದರ ಕೆಳಗೆ ಅಡ್ಮಿನಿಸ್ಟ್ರೇಷನ್ ಎಂದು ಗೀಚಿದೆ. ಹದಿನಾಲ್ಕು ಅಕ್ಷರ. ಕಚೇರಿಗಳ ಫಾರಂ, ಸಂಘಗಳ ನಿಯಮಾವಳಿ ತಿದ್ದಿ ತಿದ್ದಿ ಇಂಥ ಪದಗಳು ನನ್ನ ತಲೆಯಲ್ಲಿ ರಾಶಿ ಬಿದ್ದಿವೆ. ಅರ್ಧಕ್ಕೆ ಅರ್ಥ ಗೊತ್ತಿಲ್ಲ, ಸ್ಪೆಲಿಂಗ್ ಮಾತ್ರ ಒಂದೂ ತಪ್ಪುವುದಿಲ್ಲ.

ಡಾಕ್ಟರಮ್ಮ ಅದನ್ನು ನೋಡಿದಳು. “ಇದನ್ನ ಬರೆದಿದ್ದು ನೀವಾ? ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿ ನೋಡೋಣ.”

ಪ್ರೆಸ್ಸಿನಲ್ಲಿ ನಾವಿಬ್ಬರೂ ಮಾಡುತ್ತಿದ್ದದ್ದೇ ಅದು. ನಿಮ್ಮಪ್ಪ ಮೂಲ ಪ್ರತಿ ಹಿಡಿದು ಓದುತ್ತಿದ್ದರು, ಅನುಮಾನ ಬಂದ ಪದವನ್ನು ನಾನು ಅಕ್ಷರ ಬಿಡಿಸಿ ಕೂಗಿ ಹೇಳುತ್ತಿದ್ದೆ. ಕಣ್ಣು ಮುಚ್ಚಿಕೊಂಡೆ. ಎ, ಡಿ, ಎಂ ಎಂದು ಹೊರಟಿದ್ದು, ಕೊನೆಯ ಎನ್ ದಾಟಿದ ಕೂಡಲೇ ಇಡೀ ಪದ ಬಾಯಿಂದ ಬಂದುಬಿಟ್ಟಿತು.

“ಒಂದು ಲೋಟ ನೀರು ಕೇಳೋಕ್ಕಾಗಲ್ಲ, ಮಹಾರಾಣಿಗೆ ಅಡ್ಮಿನಿಸ್ಟ್ರೇಷನ್ ಬೇಕಂತೆ!” ಎಂದು ಅಪ್ಪ ಜೋರಾಗಿ ನಕ್ಕರು. ಆಮೇಲೆ ಕನ್ನಡಕ ತೆಗೆದು ಒರೆಸಿದರು, ಕಣ್ಣನ್ನೂ ಒರೆಸಿಕೊಂಡರು.

ಅಂದಿನಿಂದ ಇದೇ ನನ್ನ ಕೆಲಸ. ಕಾಫಿ ಕುಡಿದು ಕೂತರೆ ಊಟದವರೆಗೂ ಏಳುವುದಿಲ್ಲ. ಅಕ್ಷರ ಆರಿಸುತ್ತೇವೆ, ಉದ್ದದ ಪದ ಹುಡುಕುತ್ತೇನೆ, ಬಿಡಿಸಿ ಹೇಳುತ್ತೇನೆ. ಆ ಪದವನ್ನು ಮುರಿದು ಕನ್ನಡ ಮಾಡುವುದು ಡಾಕ್ಟರಮ್ಮ ಹೇಳಿಕೊಟ್ಟ ಉಪಾಯ. ‘ಅಡ್ಮಿನಿ’ ಎಂದು ತಡೆದು, ‘ನಿ’ಯನ್ನು ಎಳೆದರೆ ‘ನೀ’, ಅದಕ್ಕೊಂದು ‘ರು’. ನೀರು ಎನ್ನಲು ಒಂಬತ್ತು ದಿನ ಹಿಡಿಯಿತು. ಎಡವಟ್ಟೂ ಆಗುತ್ತದೆ. ಊಟಕ್ಕೆ ಕೂತು ಉಪ್ಪು ಕೇಳಲು ಹೋಗಿ ಅಪಾಯಿಂಟ್‌ಮೆಂಟ್ ಎಂದೆ. “ಯಾವ ಡಾಕ್ಟರದು?” ಎಂದು ಇವರು ಡೈರಿ ತಂದರು. ಕಾಯಿಲೆ ಬಂದ ಮೇಲೆ ನಾನು ಇಂಗ್ಲಿಷ್ ಬಿಟ್ಟು ಬೇರೆ ಮಾತೇ ಆಡುವುದಿಲ್ಲ ಎಂದು ಪಕ್ಕದ ಮನೆಯಾಕೆ ಬೀದಿಗೆಲ್ಲ ಡಂಗುರ ಸಾರಿದ್ದಾಳೆ. ಸಾರಲಿ.

ಹೋದ ವಾರ ಡಾಕ್ಟರಮ್ಮ “ಈ ವಯಸ್ಸಿಗೆ ಇಷ್ಟು ಬಂದಿದ್ದೇ ಹೆಚ್ಚು, ಇನ್ನು ಸ್ವಲ್ಪ ಸುಧಾರಿಸ್ಕೊಳಿ” ಎಂದಳು. ಪುಟದಲ್ಲಿ ಒಂದು ತಪ್ಪು ಉಳಿದರೂ ಅದು ಅಚ್ಚಿಗೆ ಹೋಗುವುದಿಲ್ಲ ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದೆ. ಮರುದಿನ ಜಿ, ಎಚ್, ಪಿ, ವೈ ಇಟ್ಟುಕೊಂಡು ಅನ್‌ಕಾಪಿರೈಟಬಲ್ ಹಿಡಿದೆ. ಹದಿನೈದು ಅಕ್ಷರ, ಒಂದಾದರೂ ಎರಡನೇ ಸಲ ಬಂದಿಲ್ಲ, ಎಣಿಸಿ ನೋಡು. ಇವತ್ತಿಗೆ ಮೂವತ್ತೊಂದು ಕನ್ನಡ ಮಾತು ನನ್ನ ಬಾಯಲ್ಲಿವೆ.

ಕೈ ನೋಯುತ್ತಿದೆ, ನಿಲ್ಲಿಸುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಯಾರ ಮುಂದೆಯೂ ತಲೆ ತಗ್ಗಿಸಬೇಡ, ನೀನು ತಗ್ಗಿಸುವಂಥದ್ದು ಏನೂ ಮಾಡಿಲ್ಲ. ಕಾಗದ ವಾಪಸು ಕಳಿಸಿದ್ದರೂ, ತಿದ್ದುವಾಗ ನೋಡಿದ ನಿನ್ನ ಮೂರೂ ಪುಟ ನನಗೆ ಬಾಯಿಪಾಠ ಬರುತ್ತವೆ, ಈ ಸಲ ಅರ್ಥದ ಸಮೇತ. ನೆಮ್ಮದಿಯಾಗಿ ನೂರು ಕಾಲ ಬಾಳು.

ನಿನ್ನ
ಅಮ್ಮ

ತಾ.ಕ.: ಲಕ್ವ ಹೊಡೆದದ್ದು ಯಾವ ಬೆಳಿಗ್ಗೆ ಎಂದು ಬರೆಯಲು ಕೈ ಬರಲಿಲ್ಲ. ನೀನು ಫೋನ್ ಮಾಡಿದ ಬೆಳಿಗ್ಗೆಯೇ ಅದು. “ಅಮ್ಮಾ, ತಿದ್ದಿದ್ದು ಸಾಕು. ನಾನು ಮನೆಗೆ ಬರ್ಲಾ?” ಎಂದು ನೀನು ಕೇಳಿದೆ. ನಾನು ಬಾಯಿ ತೆರೆದೆ, ಏನೂ ಬರಲಿಲ್ಲ. ನೀನು ಇನ್ನೆರಡು ಸಲ “ಅಮ್ಮಾ” ಎಂದೆ. ಆಮೇಲೆ “ಸರಿ ಬಿಡು, ಗೊತ್ತಾಯ್ತು” ಎಂದು ಅಳುತ್ತಾ ಫೋನ್ ಇಟ್ಟೆ. ನನಗೆ ಎಲ್ಲವೂ ಕೇಳಿಸುತ್ತಿತ್ತು. ಹೇಳಬೇಕಿದ್ದದ್ದು ಒಂದೇ ಅಕ್ಷರ, ಬಾ. ಅಪ್ಪನಿಗೂ ಇದನ್ನು ಹೇಳಿಲ್ಲ. ಅವರು ಮಧ್ಯಾಹ್ನ ಮಲಗಿದಾಗ ಒಬ್ಬಳೇ ಕೂತು, ಬಿ ಮತ್ತು ಎ ಇರುವ ಪದಗಳನ್ನೇ ಹುಡುಕಿ ಹೇಳುತ್ತೇನೆ. ಎಸ್ಟಾಬ್ಲಿಷ್‌ಮೆಂಟ್ ಬಂತು, ಬ್ಯಾಕ್‌ಗ್ರೌಂಡ್ ಬಂತು, ಸಬ್‌ಸ್ಟಾನ್ಷಿಯಲ್ ಕೂಡ ಬಂತು. ಬಾ ಮಾತ್ರ ಹತ್ತು ಸಲಕ್ಕೆ ಒಂದು ಸಲ ಬರುತ್ತದೆ. ಇನ್ನೊಮ್ಮೆ ಫೋನ್ ಮಾಡಿ ಅದನ್ನೇ ಕೇಳು. ನಾನು ಎಷ್ಟು ಹೊತ್ತು ಮಾಡಿದರೂ ಇಡಬೇಡ.