ಗುಂಜಿಯ ಮನೆ ಹೂಂ ಅನ್ನಲಿಲ್ಲ

ಗೆಳೆಯ ಭೀಮಣ್ಣ,

ನೀನಿದ್ದಾಗ ಖಾನಾಪುರಕ್ಕೂ ಬೆಳಗಾವಿಗೂ ನಮ್ಮ ನಡುವೆ ಎಷ್ಟು ಕಾಗದ ಓಡಾಡಿದವು. ಅವುಗಳಲ್ಲೆಲ್ಲ ಕ್ಷೇಮ ಸಮಾಚಾರ ಬರೆದೆ. ಇದನ್ನು ಜಗಳ ತೆಗೆಯುವುದಕ್ಕೇ ಬರೆಯುತ್ತಿದ್ದೇನೆ. ಈ ಸಲ ನೀನು ನಕ್ಕು ಮಾತು ತೇಲಿಸಿ ಎದ್ದುಹೋಗುವ ಹಾಗಿಲ್ಲ, ಪೂರ್ತಿ ಕೇಳಲೇಬೇಕು.

ನಿನ್ನ ಶಾಲೆಯ ಮೊದಲ ಪತ್ರಿಕೆ ಹೊರಟ ವಾರದ ಸಂತೆ ನೆನಪಿದೆಯೇ? ಮಕ್ಕಳ ಕೈಯಲ್ಲಿ ಮನೆಮನೆಗೆ ಕಳಿಸಿದ ಒಂದೇ ಹಾಳೆ ಅದು. ತುಂಬ ನಿಯಮಗಳು, ಫೀ ಕಟ್ಟುವ ದಿನ, ಶಾಲೆಯ ತಪಾಸಣೆಗೆ ದಿಪೋಟಿ ಸಾಹೇಬರು ಬಂದು ಮೆಚ್ಚಿ ಹೋದ ವರದಿ. ಚುರುಮುರಿ ಮಾರುವ ಹೆಂಗಸು, ನಿನ್ನ ವಿದ್ಯಾರ್ಥಿಯ ತಾಯಿ, ಅದೇ ಹಾಳೆಯನ್ನು ಸುತ್ತಿ ನಮಗೇ ಚುರುಮುರಿ ಕಟ್ಟಿಕೊಟ್ಟಳು. ನನಗೆ ಮೈಯೆಲ್ಲ ಉರಿಯಿತು. ನೀನು ಚುರುಮುರಿ ತಿಂದು ಮುಗಿಸಿ, ಹಾಳೆ ಬಿಡಿಸಿ ಮೇಲಿನಿಂದ ಕೆಳಗಿನವರೆಗೆ ಓದಿ, "ಇದರಾಗ ಆಕಿ ಮಗನ ಸುದ್ದಿ ಏನೈತಿ, ಎತ್ತಿ ಇಟ್ಕೊಳ್ಳಾಕ?" ಅಂದೆ.

ಅಂದು ನಿನ್ನ ಪಡಸಾಲೆಯಲ್ಲಿ ಕೂತು ಹಾಳೆಗೆ ನಟ್ಟನಡುವೆ ಗೆರೆ ಎಳೆದವನು ನೀನೇ. ಎಡಗಡೆ ಶಾಲೆಯ ಪಾಲು: ಯಾವುದಾದರೂ ಮಗುವಿನ ಬಗ್ಗೆ ಮನೆಯವರಿಗೆ ಗೊತ್ತಿಲ್ಲದ ಒಂದು ಸಂಗತಿ. ಬಲಗಡೆ ಮನೆಯ ಪಾಲು: ಆ ಮಗುವಿನ ಬಗ್ಗೆ ಶಾಲೆಗೆ ಗೊತ್ತಿಲ್ಲದ್ದು. ಮನೆಯವರು ಹೇಳಿದಂತೆಯೇ ಬರೆಯಬೇಕು. ಮರಾಠಿ ಮಾತಾಡುವ ಮನೆಯದು ಮರಾಠಿಯಲ್ಲೇ ಬರಬೇಕು. ಬರೆದದ್ದನ್ನು ಹೇಳಿದವರ ಮುಂದೆ ಓದಬೇಕು, ಅವರು ಹೂಂ ಅಂದ ಮೇಲೆಯೇ ನಾನದನ್ನು ಬೆಳಗಾವಿಯ ಕಲ್ಲಚ್ಚಿನ ಅಂಗಡಿಗೆ ಒಯ್ಯಬೇಕು. ಒಮ್ಮೆ ಕುಂಬಾರರ ಅಜ್ಜಿ ಹೂಂ ಅನ್ನಲಿಲ್ಲ. ನೀನು ಬಲಗಡೆಯ ಪಾಲನ್ನು ಖಾಲಿಯೇ ಬಿಟ್ಟು ಅಚ್ಚು ಹಾಕಿಸಿದೆ. ಆ ಖಾಲಿ ಜಾಗದ ಬಗ್ಗೆ ಊರು ಎಷ್ಟು ಮಾತಾಡಿತು! ಆಮೇಲೆ ಯಾವ ಸಂತೆಯಲ್ಲೂ ನಮ್ಮ ಹಾಳೆಯಲ್ಲಿ ಚುರುಮುರಿ ಕಟ್ಟಿದ್ದನ್ನು ನಾನು ಕಾಣೆ.

ಕೊನೆಗಾಲದಲ್ಲಿ ನಿನ್ನ ಹಾಸಿಗೆಯ ಬಳಿ ನಾನೂ ವಕೀಲ ವಾಸುದೇವರಾಯನೂ ಕೂತಿದ್ದ ಆ ಸಂಜೆಯನ್ನು ಎಷ್ಟು ಸಲ ನೆನೆದರೂ ಅರ್ಥವಾಗುವುದಿಲ್ಲ. ಅವನು ಶಾಲೆಯ ಕಮಿಟಿಯ ಕಾಗದಪತ್ರ ನೋಡಿಕೊಳ್ಳುವ ಚಿಟಣೀಸ, ನಮ್ಮಿಬ್ಬರ ಹಳೆಯ ಗೆಳೆಯ, ಒಪ್ಪಿದೆ. ಆದರೆ ಮಳೆಯಲ್ಲಿ, ರೈಲಿನಲ್ಲಿ, ಹಾಳೆಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಓಡಾಡಿದವನು ನಾನು. ನೀನು ಪತ್ರಿಕೆಯ ಕಾಗದಗಳ ಚೀಲವನ್ನು ಅವನ ಕೈಗೆ ಕೊಟ್ಟೆ. ನನ್ನ ಕಡೆ ನೋಡಿ, "ಇಂವನ ಬಾಯಿ ಭಾಳ ಖಾರ. ನೀ ಸಮಾಧಾನದ ಮನಷ್ಯಾ, ನೀ ನಡಸು" ಅಂದೆ. ಅವನು ನಿನ್ನ ಕೈ ಹಿಡಿದು, ಹೂಂ ಕೇಳದೆ ಒಂದಕ್ಷರವೂ ಅಚ್ಚಿಗೆ ಹೋಗುವುದಿಲ್ಲ ಎಂದು ಮಾತು ಕೊಟ್ಟ. ನಾನು ಅಲ್ಲಿಯೇ ಏನಾದರೂ ಅಂದಿದ್ದರೆ...

ಗುಂಜಿಯ ಲಕ್ಕವ್ವನನ್ನು ಮರೆತಿರಲಾರೆ. ಅಡವಿಯ ಅಂಚಿನಲ್ಲಿ ಎಮ್ಮೆ ಸಾಕುವವಳು. ಮಗಳು ನಿಂಗಿ ಖಾನಾಪುರದ ಚಿಗವ್ವನ ಮನೆಯಲ್ಲಿದ್ದು ನಿನ್ನ ಶಾಲೆಗೆ ಬರುತ್ತಿದ್ದಳು. ನೀನು ಕೊನೆಯದಾಗಿ ಬರೆದುಕೊಂಡದ್ದು ಆಕೆಯ ಮಾತನ್ನೇ. ನಿಂಗಿ ರಜೆಗೆ ಬಂದಾಗ ಪಕ್ಕದಲ್ಲಿ ನಿಂತು ಮಗ್ಗಿ ಹೇಳಿದರೆ ಅವರ ಹಟಮಾರಿ ಎಮ್ಮೆ ತೊರೆ ಬಿಡುತ್ತದೆ, ಬೇರೆ ಯಾರಿಗೂ ಹಾಲು ಇಳಿಸುವುದಿಲ್ಲ ಎಂದು ಹೇಳಿದ್ದಳಂತೆ. ಅದೆಷ್ಟು ಹೆಮ್ಮೆಯಿಂದ ಹೇಳಿದಳು ಎಂದು ನೀನೇ ನನಗೆ ವರ್ಣಿಸಿದ್ದೆ. ಹೂಂ ಕೇಳುವುದಕ್ಕೆ ಮತ್ತೆ ಗುಂಜಿಗೆ ಹೋಗುವ ಮೊದಲೇ ನೀನು ಮಲಗಿದೆ. ಆ ಕಾಗದವೂ ಚೀಲದಲ್ಲಿತ್ತು.

ವಾಸುದೇವರಾಯ ಹೊರತಂದ ಮೊದಲ ಸಂಚಿಕೆ ಕೈಗೆ ಬಂದ ಬೆಳಗ್ಗೆ ಓದುತ್ತ ಓದುತ್ತ ನನ್ನ ಚಹಾ ಆರಿಹೋಯಿತು. ಮೊಳೆ ಅಚ್ಚು, ನುಣುಪು ಕಾಗದ, ಮುಂದೆ ಕಮಿಟಿಯ ಅಧ್ಯಕ್ಷರ ಚಿತ್ರ, ಅದರ ಬೆನ್ನಿಗೆ ಅವರ ಭಾಷಣ. ನಡುವಿನ ಗೆರೆ ಇಲ್ಲ, ಮರಾಠಿಯ ಒಂದು ಸಾಲೂ ಇಲ್ಲ. ಕೊನೆಯಲ್ಲಿ 'ವಿನೋದ' ಎಂಬ ತಲೆಬರಹದ ಕೆಳಗೆ ಲಕ್ಕವ್ವನ ಮಾತು. ಊರಿನ ಹೆಸರು, ತಾಯಿಯ ಹೆಸರು, ಮಗಳ ಹೆಸರು ಸಮೇತ! ಕೆಳಗೊಂದು ಟಿಪ್ಪಣಿ: ಮುಂದಿನ ಪರೀಕ್ಷೆಗೆ ಎಮ್ಮೆಯೂ ಕೂರಲಿದೆಯಂತೆ.

ಅವನ ಮನೆಗೆ ಹೋದಾಗ ಅವನು ಜೋಕಾಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ನನ್ನ ಮುಖ ನೋಡಿದ ಕೂಡಲೇ ತಿಳಿಯಿತು ಅವನಿಗೆ. "ಮನೀ ಮಂದಿ ಓದಬೇಕು ಅಂತ ನೀವಿಬ್ಬರೂ ಎಷ್ಟು ಬಡಕೊಂಡ್ರಿ. ಈಗ ನೋಡು, ಒಂದೂ ಪ್ರತಿ ಉಳದಿಲ್ಲ. ನಗೂದು ಇದ್ರ ಓದತಾರಪಾ ಜನಾ" ಅಂದ. ಗುಂಜಿಯ ಮನೆಯವರು ಓದಿದರೇನು ಎಂದು ಕೇಳಿದೆ.

"ಅವರಿಗೆಲ್ಲೆ ಓದಲಿಕ್ಕೆ ಬರ್ತದ?" ಅಂದ. ಆಮೇಲೆ ಎಲೆ ಮಡಚಿ ಬಾಯಿಗಿಟ್ಟುಕೊಂಡು, "ಭೀಮಣ್ಣ ನನ್ನ ಕೈಯಾಗ ಕೊಟ್ಟಾನ. ನಿನಗ ಯಾಕ ಕೊಡಲಿಲ್ಲ, ಅವನ್ನ ಹೋಗಿ ಕೇಳು."

ಕೇಳುತ್ತಿದ್ದೇನೆ, ಭೀಮಣ್ಣ. ಯಾಕೆ ಕೊಡಲಿಲ್ಲ? ಸಮಾಧಾನದ ಮನುಷ್ಯ ಅಂದೆಯಲ್ಲ, ಬೇರೆಯವರ ಮರ್ಯಾದೆ ಹೋದಾಗ ಅವನಷ್ಟು ಸಮಾಧಾನವಾಗಿರುವುದು ನನ್ನಿಂದ ಖಂಡಿತ ಆಗುತ್ತಿರಲಿಲ್ಲ. ಅವನು ಮಾತಿಗೆ ತಪ್ಪಿದ, ಅವನ ಲೆಕ್ಕ ಬೇರೆ. ಆದರೆ ಮನುಷ್ಯರನ್ನು ಓದಬಲ್ಲವನು ಎಂದು ನಾನು ನಂಬಿದ್ದು ನಿನ್ನನ್ನು.

ಮರುವಾರ ನಿಂಗಿಯ ಚಿಗವ್ವ ಖಾನಾಪುರ ಸ್ಟೇಷನ್ನಿನಲ್ಲಿ ಸಿಕ್ಕು ಮುಖ ತಿರುಗಿಸಿದಳು. ಹಿಂದೆ ಬಿದ್ದು ಕೇಳಿದ ಮೇಲೆ ಹೇಳಿದಳು: ಶಾಲೆಯ ಹುಡುಗರು ನಿಂಗಿಯನ್ನು ಕಂಡಲ್ಲೆಲ್ಲ ಎಮ್ಮೆಯಂತೆ ಕೂಗುತ್ತಾರೆ, ಹುಡುಗಿ ಅಳುತ್ತ ಗುಂಜಿಗೆ ಹೋದವಳು ತಿರುಗಿ ಬಂದಿಲ್ಲ, ಬರೆಯುವ ಪಾಟಿಯನ್ನೂ ಇಲ್ಲಿಯೇ ಬಿಟ್ಟಿದ್ದಾಳೆ. ನಾನು ಆ ಪಾಟಿ ಇಸಿದುಕೊಂಡು ಗುಂಜಿಯ ಗಾಡಿ ಹತ್ತಿದೆ. ಲಕ್ಕವ್ವ ಬಾಗಿಲಲ್ಲೇ ನಿಲ್ಲಿಸಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಹೂಂ ಕೇಳಾಕ ಬರತೇನಿ ಅಂದಿದ್ರು ಮಾಸ್ತರು. ಬರಲಿಲ್ಲ. ಸತ್ತವರಿಗೆ ಬೈಯಾಕ ಬರಾಂಗಿಲ್ಲ. ನಿಮಗ ಬೈತೇನಿ, ಕುಂದರ್ರಿ."

ಕೂತೆ. ನನ್ನ ಬಾಯಿ ಖಾರ ಅಂದಿದ್ದೆಯಲ್ಲ, ಅವಳದನ್ನು ನೀನು ಕೇಳಬೇಕಿತ್ತು. ಬೈದು ಮುಗಿಸಿ ಕುಡಿಯಲು ಮಜ್ಜಿಗೆ ಕೊಟ್ಟಳು. ನಿಂಗಿ ಒಳಗಿನಿಂದ ಹೊರಬರಲೇ ಇಲ್ಲ, ಪಾಟಿ ನನ್ನ ಕೈಯಲ್ಲೇ ಉಳಿಯಿತು. ಮಗ್ಗಿ ಹೇಳುವುದನ್ನೂ ಬಿಟ್ಟಿದ್ದಾಳಂತೆ. ಎಮ್ಮೆಯೂ ಹಟ ಹಿಡಿದಿದೆಯಂತೆ.

ಇಲ್ಲಿಯವರೆಗೆ ಬರೆದು ಪೆನ್ನು ಕೆಳಗಿಡುವಾಗ ಹೊಳೆಯಿತು: ಈ ಪತ್ರದಲ್ಲಿಯೂ ಲಕ್ಕವ್ವನ ಮಾತಿದೆ, ಇದಕ್ಕೂ ಆಕೆ ಹೂಂ ಅನ್ನಬೇಕಲ್ಲ. ನಿನ್ನೆ ಪಾಟಿ ಹಿಡಿದು ಮತ್ತೆ ಗುಂಜಿಗೆ ಹೋದೆ. ಕೊಟ್ಟಿಗೆಯ ಬಾಗಿಲಲ್ಲಿ ಕೂತು ಮೊದಲಿನಿಂದ ಓದಿದೆ. ಒಂದು ಕಡೆ ತಡೆದಳು. "ಬಡವಿ ಅಂತ ಯಾಕ ಬರದೀರಿ? ನಾಕ ಎಮ್ಮಿ ಅದಾವ ನನಗ." ಅದನ್ನು ಅಲ್ಲಿಯೇ ಹೊಡೆದುಹಾಕಿದೆ. ಕೊನೆಗೆ ಹೂಂ ಅಂದಳು. ಇದನ್ನೇ ಅಚ್ಚು ಹಾಕಿಸಿ ಮನೆಮನೆಗೆ ಹಂಚಿರಿ, ವಕೀಲರ ಹೆಸರು ಬಿಡಬೇಡಿರಿ ಎಂದಳು. ಕಲ್ಲಚ್ಚಿನ ಅಂಗಡಿಯವನಿಗೆ ಹೇಳಿದ್ದೇನೆ. ಎಡಗಡೆಯ ಶಾಲೆಯ ಪಾಲನ್ನು ಈ ಸಲ ಖಾಲಿ ಬಿಡುತ್ತೇನೆ; ಅದು ವಾಸುದೇವರಾಯನ ಜಾಗ, ತನ್ನ ಮಾತನ್ನು ಗುಂಜಿಗೆ ಹೋಗಿ ಓದಿ ಹೂಂ ಅನ್ನಿಸಿಕೊಂಡು ಬಂದರೆ ಅವನು ತುಂಬಲಿ.

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ, ಇಳಿಯುವ ಹಾಗೂ ಕಾಣುವುದಿಲ್ಲ. ಆದರೂ ಒಂದು ಸುದ್ದಿ ನಿನಗೆ ಸೇರಬೇಕು. ನಾನು ಓದಿ ಮುಗಿಸಿ ಕಾಗದ ಮಡಚುವಾಗ ಲಕ್ಕವ್ವ ಚರಿಗೆ ಹಿಡಿದು ಎಮ್ಮೆಯ ಕೆಳಗೆ ಕೂತಳು. ಹಾಲು ಇಳಿಯಲಿಲ್ಲ. ಬಾಗಿಲ ಮರೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ನಿಂಗಿ ಬಂದು ಎಮ್ಮೆಯ ಕುತ್ತಿಗೆಗೆ ಕೈಯಿಟ್ಟು, ನನ್ನ ಕಡೆ ಒಮ್ಮೆ ನೋಡಿ, ಏಳರ ಮಗ್ಗಿ ಶುರುಮಾಡಿದಳು. ಮೊದಲು ಮೆಲ್ಲಗೆ, ಆಮೇಲೆ ಅಂಗಳಕ್ಕೆಲ್ಲ ಕೇಳುವ ಹಾಗೆ. ಚರಿಗೆಯ ತಳಕ್ಕೆ ಹಾಲು ಬಿದ್ದ ಸದ್ದನ್ನು ನಾನೇ ಕೇಳಿದೆ. ಹೊರಡುವಾಗ ಪಾಟಿ ತನಗೆ ಕೊಡಿರೆಂದು ಕೈ ಚಾಚಿದಳು.

ನಿನ್ನ ಖಾರದ ಬಾಯಿಯ ಗೆಳೆಯ,
ಗುರುಪಾದ