ಕ ವರ್ಗದ ತಾರಾ

ಬಡೋದಾ, ಜೂನ್ ೧೯೬೫

ರೀ,

ನೀವು ತೀರಿಹೋಗಿ ವರ್ಷವಾಯಿತು, ಈ ಕಾಗದ ಹಾಕಲು ವಿಳಾಸವಿಲ್ಲ. ಆದರೂ ನಿಮಗೆ ಹೇಳದೆ ಇರಲಾರೆ. ನಮ್ಮ ತಾರಾ ಆರನೇ ಇಯತ್ತೆಯಲ್ಲಿ ಇಡೀ ಮುನಿಸಿಪಲ್ ಶಾಲೆಗೇ ಮೊದಲು ಬಂದಿದ್ದಾಳೆ. ಗುಜರಾತಿ ಬಾರದವಳೆಂದು ದಡ್ಡರ ಕ ವರ್ಗಕ್ಕೆ ತಳ್ಳಿದ್ದ ಹೆಡ್‌ಮಾಸ್ತರರೇ ಇವತ್ತು ಕರೆಸಿ, ಇನ್ನು ಜಾಣರ ಅ ವರ್ಗದಲ್ಲಿ ಕೂರಿಸುತ್ತೇವೆ ಎಂದರು. ನಾನು ಹೂಂ ಅನ್ನುವ ಮೊದಲೇ ತಾರಾ ನನ್ನ ಸೆರಗು ಜಗ್ಗಿದಳು.

"ಬ್ಯಾಡವ್ವಾ. ನಮ್ಮ ಟೀಚರ್ ಸವಿತಾಬೆನ್ ತಿಳಿಯೂತನಕ ಬಿಡೂದಿಲ್ಲ. ಅಲ್ಲಿ ಬರೇ ಬಾಯಿಪಾಠ ಮಾಡಸ್ತಾರ."

ನಿಮ್ಮದೇ ಮಾತು! ಉಳಿದ ರೈಲ್ವೆಯವರು ಸಾಹೇಬರ ಚೀಟಿ ತಂದು ಮಕ್ಕಳನ್ನು ಅ ವರ್ಗಕ್ಕೆ ಸೇರಿಸಿದಾಗ ನೀವು ತರಲಿಲ್ಲ. "ವರ್ಗ ಏನ್ ನೋಡ್ತಿ, ಕಲಸೋರನ್ನ ನೋಡು" ಅಂದಿರಿ. ಇವತ್ತು ನಾನೇ ಹೆಡ್‌ಮಾಸ್ತರರಿಗೆ ತಲೆಯೆತ್ತಿ ಹೇಳಿದೆ, ಮಗಳು ಇದ್ದಲ್ಲೇ ಇರಲಿ ಎಂದು.

ಅವಳನ್ನು ಕ ವರ್ಗಕ್ಕೆ ಹಾಕಿದ ದಿನ ಸಿಟ್ಟಿನಲ್ಲಿ ಶಾಲೆಯಿಂದ ಮನೆಯವರೆಗೂ ನಿಮ್ಮ ಜೊತೆ ಮಾತಾಡದೆ ಹತ್ತು ಹೆಜ್ಜೆ ಮುಂದೆ ನಡೆದಿದ್ದೆ. ಇವತ್ತು ಅದೇ ದಾರಿಯಲ್ಲಿ, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು, ನಿಧಾನವಾಗಿ ಬಂದೆವು.

ಇಂದುಮತಿ